ಕೆರೆದ ರಸ್ತೆ ಎಲ್ಲಿಗೆ ಹೋಯಿತು?

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದರೆ ಸ್ವಲ್ಪ ಹಗುರವಾಗಬಹುದೆಂದು ಕೂತಿದ್ದೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾನು ದಿನವೂ ಓಡಾಡುವ ರಸ್ತೆಗೆ ಮತ್ತೆ ಡಾಂಬರು ಹಾಕುತ್ತಿದ್ದಾರೆ. ನಿನ್ನೆ ರಾತ್ರಿ ಮಿಲ್ಲಿಂಗ್ ಯಂತ್ರ ಬಂದಿತ್ತು. ಉಕ್ಕಿನ ಹಲ್ಲುಗಳಿರುವ ಉರುಳೆಯೊಂದು ಹಳೆಯ ಮೇಲ್ಪದರವನ್ನು ಅಳತೆಯ ಆಳಕ್ಕೆ ಕೆರೆಯುತ್ತ ಸಾಗುತ್ತದೆ, ಕೆರೆದದ್ದು ಬೆಲ್ಟಿನ ಮೇಲೇರಿ ಮುಂದೆ ನಿಧಾನವಾಗಿ ಚಲಿಸುವ ಟಿಪ್ಪರಿಗೆ ಬೀಳುತ್ತದೆ. ನನಗೆ ಎಷ್ಟು ಖುಷಿಯಾಯಿತು ಎಂದರೆ ಊಟ ಬಿಟ್ಟು ಹೋಗಿ ನಿಂತು ನೋಡಿದೆ. ಹಳೆಯ ರಸ್ತೆಯ ಮೇಲೆಯೇ ಹೊಸ ಪದರ ಬಳಿದು ಹೋಗುವ ಚಾಳಿಯ ಬಗ್ಗೆ ನಾನು ಎಷ್ಟು ಸಲ ಇಲ್ಲಿ ಕೂಗಾಡಿದ್ದೇನೆ ಎಂಬುದು ನಿಮಗೆ ಗೊತ್ತು. ಕೊನೆಗೂ ಕೆರೆದು ಹಾಕುತ್ತಿದ್ದಾರಲ್ಲ ಎಂದು ನೆಮ್ಮದಿಯಾಗಿತ್ತು.

ಬೆಳಿಗ್ಗೆ ನಡೆಯಲು ಹೋದಾಗ ಅದೇ ಟಿಪ್ಪರ್ ನೀರು ನಿಲ್ಲುವ ತಗ್ಗೊಂದರ ದಂಡೆಯಲ್ಲಿ ಹಿಂಬದಿ ಎತ್ತಿಕೊಂಡು ನಿಂತಿತ್ತು. ರಾತ್ರಿ ಕೆರೆದ ರಸ್ತೆಯೆಲ್ಲ ಅಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಇದನ್ನು ಡಾಂಬರು ಮಿಶ್ರಣ ತಯಾರಿಸುವ ಪ್ಲಾಂಟಿಗೆ ಒಯ್ಯುವುದಿಲ್ಲವೇ ಎಂದು ಚಾಲಕನನ್ನು ಕೇಳಿದೆ. “ಎಲ್ಲಾದರೂ ತಗ್ಗು ನೋಡಿ ಸುರಿ ಎಂದಿದ್ದಾರೆ ಸಾರ್. ಹಳೆಯ ಟಾರು, ಇದನ್ನು ಯಾರು ಕೇಳುತ್ತಾರೆ?” ಎಂದ. ಅವನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಹೇಳಿದ್ದನ್ನು ಅವನು ಮಾಡುತ್ತಿದ್ದಾನೆ. ವಾಪಸು ಬರುವಾಗ ಕಾಮಗಾರಿಯ ಫಲಕ ಕಣ್ಣಿಗೆ ಬಿತ್ತು: ‘ಪರಿಸರಸ್ನೇಹಿ ರಸ್ತೆ. ತ್ಯಾಜ್ಯ ಪ್ಲಾಸ್ಟಿಕ್ ಬಳಸಿ ನಿರ್ಮಿಸಲಾಗುತ್ತಿದೆ.’ ಅದನ್ನು ಓದಿದ ಮೇಲೆ ನನಗೆ ತಡೆದುಕೊಳ್ಳಲು ಆಗಲಿಲ್ಲ.

ಆ ಗುಡ್ಡೆಯಿಂದ ಅಂಗೈಯಗಲದ ಒಂದು ಹೆಂಟೆ ಎತ್ತಿಕೊಂಡು ಬಂದಿದ್ದೇನೆ. ಈಗ ಮೇಜಿನ ಮೇಲಿದೆ. ವಾಹನ ಓಡಾಡಿದ ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿದೆ, ಕಲ್ಲಿನ ಮುಖಗಳು ಸವೆದು ನುಣುಪಾಗಿವೆ. ಸುತ್ತಿಗೆಯಿಂದ ಒಂದೇಟು ಹಾಕಿದರೆ ಒಳಗೆ ಇನ್ನೂ ಕಪ್ಪು ಹೊಳಪು ಇದೆ. ಇಪ್ಪತ್ತು ಮಿಲಿಮೀಟರಿನ ಕಲ್ಲು, ಹತ್ತರದ್ದು, ಆರರದ್ದು, ಅವುಗಳ ನಡುವೆ ಕಲ್ಲುಪುಡಿ, ಎಲ್ಲಕ್ಕೂ ತೆಳುವಾದ ಡಾಂಬರಿನ ಹೊದಿಕೆ. ಯಾರೋ ಬೆಟ್ಟ ಸಿಡಿಸಿ, ಕ್ರಷರಿನಲ್ಲಿ ಪುಡಿಮಾಡಿ, ಜರಡಿ ಹಿಡಿದು, ನೂರೈವತ್ತು ಡಿಗ್ರಿ ದಾಟುವಂತೆ ಕಾಯಿಸಿ, ಅಂಟು ಬೆರೆಸಿ ಸಿದ್ಧಪಡಿಸಿದ ಮಾಲು ಇದು. ತಗ್ಗು ತುಂಬಲು ಇದನ್ನು ಸುರಿಯುವುದೆಂದರೆ ಏನು?

ಒಂದು ಲೆಕ್ಕ ಹಾಕೋಣ. ಏಳು ಮೀಟರ್ ಅಗಲದ ರಸ್ತೆ, ಒಂದು ಕಿಲೋಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ದಪ್ಪದ ಮೇಲ್ಪದರ. ಅಂದರೆ 280 ಘನ ಮೀಟರ್, ತೂಕದಲ್ಲಿ ಸುಮಾರು 650 ಟನ್. ಡಾಂಬರು ಮಿಶ್ರಣದಲ್ಲಿ ಬಿಟುಮೆನ್, ಅಂದರೆ ಕಲ್ಲನ್ನು ಹಿಡಿದಿಡುವ ಕಪ್ಪು ಅಂಟು, ತೂಕದ ಶೇ. 5ರಷ್ಟು ಮಾತ್ರ. ಉಳಿದ ಶೇ. 95 ಜಲ್ಲಿ ಮತ್ತು ಕಲ್ಲುಪುಡಿ. ಹಾಗಾಗಿ ಆ ಒಂದು ಕಿಲೋಮೀಟರಿನಲ್ಲಿ ಬಿಟುಮೆನ್ 32 ಟನ್ ಚಿಲ್ಲರೆ, ಕಲ್ಲು 600 ಟನ್ನಿಗೂ ಮಿಕ್ಕಿ.

ಈಗ ಪ್ಲಾಸ್ಟಿಕ್ ಎಲ್ಲಿ ಬರುತ್ತದೆ? ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಬಿಟುಮೆನ್ನಿನ ತೂಕದ ಶೇ. 6ರಿಂದ 8ರಷ್ಟು. ಹೆಚ್ಚಿನದನ್ನೇ ಹಿಡಿದರೂ ಎರಡೂವರೆ ಟನ್ ಚಿಲ್ಲರೆ. ಇಡೀ ಮಿಶ್ರಣದಲ್ಲಿ ಅರ್ಧ ಶೇಕಡವೂ ಇಲ್ಲ. ಅದೇ ಮಿಶ್ರಣಕ್ಕೆ ಕೆರೆದ ಹಳೆಯ ರಸ್ತೆಯನ್ನು ಶೇ. 30ರಷ್ಟು ಬೆರೆಸಿದರೆ 195 ಟನ್ ಹೊಸ ಮಾಲು ಉಳಿಯುತ್ತದೆ. ಅದರಲ್ಲಿ 185 ಟನ್ ಕಲ್ಲು, ಹತ್ತು ಟನ್ನಿನ ಹತ್ತಿರ ಬಿಟುಮೆನ್. ಆ ಅಂಟು ಪೂರ್ತಿ ಕೆಲಸಕ್ಕೆ ಬಾರದೆ ಅರ್ಧವೇ ಬಂತೆಂದು ಹಿಡಿಯಿರಿ, ಆಗಲೂ ಪ್ಲಾಸ್ಟಿಕ್ ಉಳಿಸುವ ಬಿಟುಮೆನ್ನಿಗಿಂತ ಹಳೆಯ ರಸ್ತೆ ಉಳಿಸುವುದು ಹೆಚ್ಚು. ಕಲ್ಲಿನ ಮಾತಂತೂ ಬೇರೆಯೇ. ಎರಡೂವರೆ ಟನ್ನಿಗೆ ಫಲಕ ನೆಟ್ಟು, 650 ಟನ್ನನ್ನು ನೀರಿನ ದಂಡೆಗೆ ಸುರಿದು ಬರುತ್ತಾರೆ. ಇದಕ್ಕೆ ಪರಿಸರಸ್ನೇಹಿ ಎಂಬ ಹೆಸರು ಹೇಗೆ ಹೊಂದುತ್ತದೆ?

ಕಲ್ಲು ಎಂದಕೂಡಲೇ ನನಗೆ ಯಾಕೆ ಹೀಗೆ ಮೈ ಉರಿಯುತ್ತದೆ ಎಂದು ಕೆಲವರು ಕೇಳಿದ್ದೀರಿ. ಇವತ್ತು ಹೇಳಿಬಿಡುತ್ತೇನೆ. ನಮ್ಮ ಅಮ್ಮ ಕೈಯಿಂದ ಜಲ್ಲಿ ಒಡೆದು ನಮ್ಮನ್ನು ಸಾಕಿದವರು. ಕ್ರಷರುಗಳು ಎಲ್ಲೆಡೆ ಬರುವ ಮುಂಚಿನ ಮಾತು. ರಬ್ಬರಿನ ಬಳೆಯೊಳಗೆ ಕಲ್ಲು ಸಿಕ್ಕಿಸಿಕೊಂಡು ಚಿಕ್ಕ ಸುತ್ತಿಗೆಯಿಂದ ಒಡೆಯುತ್ತಿದ್ದರು. ಚಪ್ಪಟೆಯಾಗಿ ಒಡೆದದ್ದನ್ನು ಬುಟ್ಟಿಗೆ ಹಾಕುತ್ತಿರಲಿಲ್ಲ, ಪಕ್ಕಕ್ಕೆ ಎಸೆಯುತ್ತಿದ್ದರು. “ಇದು ಭಾರ ತಡೆಯುವುದಿಲ್ಲ ಮಗನೇ, ಮುರಿಯುತ್ತದೆ” ಎನ್ನುತ್ತಿದ್ದರು. ಮುಂದೆ ರಸ್ತೆ ಸಾಮಗ್ರಿಗಳ ಪರೀಕ್ಷಾಲಯದಲ್ಲಿ ಕೆಲಸಕ್ಕೆ ಸೇರಿದಾಗ ಚಪ್ಪಟೆ ಕಲ್ಲುಗಳನ್ನು ಸೀಳುಗಂಡಿಯ ಅಳತೆಗೋಲಿನಲ್ಲಿ ತೂರಿಸಿ ಬೇರ್ಪಡಿಸುವ ಪರೀಕ್ಷೆಯೇ ಇರುವುದನ್ನು ಕಂಡು ನನಗೆ ಅವರ ಕೈ ನೆನಪಾಗಿ ಕಣ್ಣು ತುಂಬಿತ್ತು. ಒಂದು ಘನ ಮೀಟರ್ ಜಲ್ಲಿ ಅಂದರೆ ಎಷ್ಟು ಹೊತ್ತಿನ ಬಿಸಿಲು ಎಂದು ನಾನು ನೋಡಿ ಬೆಳೆದಿದ್ದೇನೆ. ಈಗ ಯಂತ್ರ ಒಡೆಯುತ್ತದೆ, ನಿಜ. ಆದರೆ ಬೆಟ್ಟ ಮತ್ತೆ ಬೆಳೆಯುವುದಿಲ್ಲ, ಕ್ವಾರಿಯ ಧೂಳು ಸುತ್ತಲಿನವರ ಎದೆಗೆ ಇಳಿಯುವುದು ನಿಂತಿಲ್ಲ. ಹಾಗಾಗಿ ಒಮ್ಮೆ ಒಡೆದ ಕಲ್ಲನ್ನು ಎಸೆಯುವವರನ್ನು ಕಂಡರೆ ನನಗೆ ಸಮಾಧಾನವಾಗಿ ಮಾತನಾಡಲು ಬರುವುದಿಲ್ಲ.

ಡಾಂಬರಿನ ಗುಣವೇ ಮರುಬಳಕೆಗೆ ಹೇಳಿಮಾಡಿಸಿದ್ದು. ಕಾಂಕ್ರೀಟ್ ಒಮ್ಮೆ ಗಟ್ಟಿಯಾದರೆ ಮುಗಿಯಿತು, ಪುಡಿಮಾಡಿ ಜಲ್ಲಿಯ ಬದಲಿಗೆ ಹಾಕಬಹುದೇ ಹೊರತು ಸಿಮೆಂಟ್ ಮತ್ತೆ ಸಿಮೆಂಟಾಗುವುದಿಲ್ಲ. ಬಿಟುಮೆನ್ ಹಾಗಲ್ಲ. ಕಾಯಿಸಿದರೆ ಮತ್ತೆ ಕರಗುತ್ತದೆ, ಮತ್ತೆ ಕಲ್ಲನ್ನು ಹಿಡಿಯುತ್ತದೆ. ಹಳೆಯ ಒಡವೆ ಕರಗಿಸಿ ಹೊಸದು ಮಾಡಿಸುವ ಯಾರೂ ಬಂಗಾರ ಹಳತಾಯಿತೆಂದು ತಿಪ್ಪೆಗೆ ಎಸೆಯುವುದಿಲ್ಲ. ರಸ್ತೆಯ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ.

ನನ್ನ ಗೆಳೆಯರಲ್ಲಿ ಗುತ್ತಿಗೆದಾರರೂ ಇದ್ದಾರೆ, ಎಂಜಿನಿಯರುಗಳೂ ಇದ್ದಾರೆ. ಅವರು ಏನು ಹೇಳುತ್ತಾರೆ ಎಂಬುದು ನನಗೆ ಬಾಯಿಪಾಠ. “ಹಳೆಯ ಮಾಲು ಹಾಕಿದರೆ ರಸ್ತೆ ಬಾಳುವುದಿಲ್ಲ, ಬೇಗ ಬಿರುಕು ಬಿಡುತ್ತದೆ.” ಸರಿ, ಇದರಲ್ಲಿ ಎಷ್ಟು ಸತ್ಯವಿದೆಯೋ ಅಷ್ಟನ್ನು ಒಪ್ಪುತ್ತೇನೆ. ಬಿಟುಮೆನ್ ಗಾಳಿ, ಬಿಸಿಲಿಗೆ ಸಿಕ್ಕಿ ವರ್ಷಗಳ ಕಾಲ ಆಮ್ಲಜನಕದೊಂದಿಗೆ ಸೇರುತ್ತ ಗಡುಸಾಗುತ್ತದೆ. ಪರೀಕ್ಷಾಲಯದಲ್ಲಿ ಇದನ್ನು ಅಳೆಯುವುದು ಸೂಜಿಯಿಂದ. 25 ಡಿಗ್ರಿಯಲ್ಲಿಟ್ಟ ಬಿಟುಮೆನ್ನಿನ ಮೇಲೆ ನೂರು ಗ್ರಾಂ ಭಾರದ ಸೂಜಿಯನ್ನು ಐದು ಸೆಕೆಂಡು ಬಿಟ್ಟು ಎಷ್ಟು ಇಳಿಯಿತೆಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಲ್ಲಿ ಓದುತ್ತೇವೆ. ರಸ್ತೆಗೆ ಸಾಮಾನ್ಯವಾಗಿ ಬಳಸುವ ಹೊಸ ಬಿಟುಮೆನ್ನಿನಲ್ಲಿ ಸೂಜಿ ಐವತ್ತರ ಆಸುಪಾಸಿಗೆ ಸರಾಗವಾಗಿ ಇಳಿಯುತ್ತದೆ. ಹಳೆಯ ರಸ್ತೆಯಿಂದ ಬೇರ್ಪಡಿಸಿದ ಬಿಟುಮೆನ್ನಿನಲ್ಲಿ ಇಪ್ಪತ್ತರ ಹತ್ತಿರವೇ ನಿಂತುಬಿಡುವುದು ನಾನು ಮತ್ತೆ ಮತ್ತೆ ಕಂಡದ್ದು. ಅಂಥದ್ದನ್ನು ಕಣ್ಣುಮುಚ್ಚಿ ಅರ್ಧಕ್ಕರ್ಧ ಬೆರೆಸಿದರೆ ರಸ್ತೆ ಬಿರುಕು ಬಿಡದೆ ಇನ್ನೇನಾಗುತ್ತದೆ?

ಆದರೆ ಕಣ್ಣುಮುಚ್ಚಿ ಬೆರೆಸಿ ಎಂದು ಯಾರು ಹೇಳಿದರು? ಗಡುಸಾದ ಅಂಟನ್ನು ಮೆತ್ತಗೆ ಮಾಡುವ ತೈಲಗಳಿವೆ. ಇಲ್ಲವಾದರೆ ಹೊಸದಾಗಿ ಸೇರಿಸುವ ಬಿಟುಮೆನ್ನನ್ನೇ ಒಂದು ದರ್ಜೆ ಮೆದುವಾದದ್ದು ತೆಗೆದುಕೊಳ್ಳಬಹುದು, ಎರಡೂ ಸೇರಿ ಹದಕ್ಕೆ ಬರುತ್ತವೆ. ಹಳೆಯ ಮಾಲನ್ನು ಜರಡಿ ಹಿಡಿದು ದಪ್ಪ, ಸಣ್ಣ ಎಂದು ಬೇರೆ ಬೇರೆ ರಾಶಿ ಹಾಕಬೇಕು, ಏಕೆಂದರೆ ಅಂಟು ಹೆಚ್ಚಾಗಿ ಸಣ್ಣದರಲ್ಲೇ ಇರುತ್ತದೆ. ಬೇರೆ ಬೇರೆ ರಸ್ತೆಯ ಮಾಲನ್ನು ಒಂದರ ಮೇಲೊಂದು ಸುರಿದು ಕಲಬೆರಕೆ ಮಾಡಬಾರದು. ರಾಶಿಯ ಮೇಲೆ ತಗಡಿನ ಚಾವಣಿ ಹಾಕಬೇಕು. ಇದನ್ನು ಕೇಳಿದರೆ ಎಲ್ಲರೂ ಹುಬ್ಬೇರಿಸುತ್ತಾರೆ, ಆದರೆ ಇಡೀ ಮರುಬಳಕೆಯ ಅರ್ಧ ಯಶಸ್ಸು ಆ ಚಾವಣಿಯ ಕೆಳಗಿದೆ. ಮಳೆಯಲ್ಲಿ ನೆನೆದ ಮಾಲನ್ನು ಪ್ಲಾಂಟಿಗೆ ಹಾಕಿದರೆ ಮೊದಲು ನೀರನ್ನು ಆವಿ ಮಾಡಲು ಇಂಧನ ಉರಿಯುತ್ತದೆ, ಮಿಶ್ರಣ ಬೇಕಾದ ಬಿಸಿಗೆ ಬರುವುದಿಲ್ಲ, ಅಂಟು ಸರಿಯಾಗಿ ಕರಗುವುದಿಲ್ಲ. ಆಮೇಲೆ ರಸ್ತೆ ಕಿತ್ತುಹೋದಾಗ ದೂರು ಮಾತ್ರ ಹಳೆಯ ಮಾಲಿನ ಮೇಲೆ.

ಪ್ಲಾಂಟಿನೊಳಗೂ ಒಂದು ಕ್ರಮವಿದೆ. ಹಳೆಯ ಮಾಲು ನೇರವಾಗಿ ಬೆಂಕಿಯ ಜ್ವಾಲೆಗೆ ಸಿಗಬಾರದು, ಸಿಕ್ಕರೆ ಅಂಟು ಸುಟ್ಟು ನೀಲಿ ಹೊಗೆ ಎದ್ದೇಳುತ್ತದೆ. ಹಾಗಾಗಿ ಹೊಸ ಕಲ್ಲನ್ನು ಮಾಮೂಲಿಗಿಂತ ಹೆಚ್ಚು ಕಾಯಿಸಿ, ಜ್ವಾಲೆ ದಾಟಿದ ಜಾಗದಲ್ಲಿ ಹಳೆಯದನ್ನು ಸೇರಿಸುತ್ತಾರೆ. ಹೊಸ ಕಲ್ಲಿನ ಬಿಸಿಯಿಂದಲೇ ಹಳೆಯ ಅಂಟು ಕರಗಬೇಕು. ಪ್ಲಾಂಟಿಗೆ ಒಯ್ಯಲೇಬೇಕೆಂದೂ ಇಲ್ಲ. ಬಿಸಿ ಬಿಟುಮೆನ್ನಿಗೆ ಚೂರೇ ಚೂರು ನೀರು ಚಿಮ್ಮಿಸಿದರೆ ಅದು ನೊರೆಯಾಗಿ ಹತ್ತಾರು ಪಟ್ಟು ಉಬ್ಬುತ್ತದೆ. ಆ ನೊರೆಯನ್ನು ಕೆರೆದ ಮಾಲಿಗೆ ಕಾಯಿಸದೆಯೇ ಬೆರೆಸಿ, ರೋಲರ್ ಓಡಿಸಿ, ರಸ್ತೆಯ ಕೆಳಪದರ ಮಾಡಬಹುದು. ಅಮೆರಿಕದ ಅಯೋವಾದಲ್ಲಿ ಪ್ರೊಫೆಸರ್ ಲಾಡಿಸ್ ಚಾನಿ ಹಬೆ ಹಾಯಿಸಿ ಹೀಗೆ ನೊರೆ ಮಾಡುವುದನ್ನು 1950ರ ದಶಕದಲ್ಲೇ ತೋರಿಸಿಕೊಟ್ಟಿದ್ದರು, ನೀರು ಚಿಮ್ಮಿಸುವುದು ಆಮೇಲೆ ಬಂತು. ಈಗ ಯಂತ್ರವೊಂದು ಮುಂದೆ ಕೆರೆಯುತ್ತ, ಹೊಟ್ಟೆಯೊಳಗೆ ಬೆರೆಸುತ್ತ, ಹಿಂದೆ ಹಾಸುತ್ತ ಹೋಗುತ್ತದೆ. ಒಂದು ಟಿಪ್ಪರ್ ಮಾಲೂ ರಸ್ತೆ ಬಿಟ್ಟು ಹೊರಗೆ ಹೋಗುವುದಿಲ್ಲ.

ಇದೆಲ್ಲ ಪ್ರಯೋಗದ ಹಂತದಲ್ಲಿದೆ ಎನ್ನುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೆ, ಇವತ್ತು ಕೊಡುತ್ತೇನೆ. ಬಿಟುಮೆನ್ ಬರುವುದು ಕಚ್ಚಾತೈಲದಿಂದ. 1973ರಲ್ಲಿ ಆ ತೈಲದ ಬೆಲೆ ಗಗನಕ್ಕೇರಿದಾಗ ಅಮೆರಿಕದವರು ಹಳೆಯ ರಸ್ತೆಯತ್ತ ತಿರುಗಿದರು. ಇವತ್ತು ಅಲ್ಲಿ ವರ್ಷಕ್ಕೆ ಎಂಟು ಕೋಟಿ ಟನ್ನಿಗೂ ಹೆಚ್ಚು ಕೆರೆದ ಡಾಂಬರು ಹೊಸ ಮಿಶ್ರಣಗಳಿಗೆ ಹೋಗುತ್ತದೆ, ಸರಾಸರಿ ಐದರಲ್ಲಿ ಒಂದು ಪಾಲು ಹಳೆಯದೇ. ಜಪಾನ್ 2000ದಲ್ಲಿ ಕಾನೂನು ಮಾಡಿ ಅಗೆದ ಡಾಂಬರು, ಕಾಂಕ್ರೀಟ್, ಮರ ಇವುಗಳನ್ನು ಬೇರ್ಪಡಿಸಿ ಮರುಬಳಸುವುದನ್ನು ಕಡ್ಡಾಯಗೊಳಿಸಿತು. ಅಲ್ಲಿ ಹಳೆಯ ಡಾಂಬರಿನ ಶೇ. 99ರಷ್ಟು ಮತ್ತೆ ಬಳಕೆಯಾಗುತ್ತದೆ. ಭಾರತದಲ್ಲೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲೇ ಡಾಂಬರು ರಸ್ತೆಗಳ ಮರುಬಳಕೆಗೆ ಪ್ರತ್ಯೇಕ ಮಾರ್ಗಸೂಚಿ ಕೊಟ್ಟಿದೆ. ನಿಯಮವಿದೆ, ಯಂತ್ರವಿದೆ, ವಿದ್ಯೆ ಇದೆ. ಟಿಪ್ಪರ್ ಮಾತ್ರ ತಗ್ಗಿನ ಕಡೆಗೇ ಹೋಗುತ್ತದೆ.

“ಗುತ್ತಿಗೆದಾರ ಹಳೆಯದನ್ನು ಹಾಕಿ ಹೊಸದರ ಬಿಲ್ಲು ಮಾಡುತ್ತಾನೆ” ಎಂಬ ಇನ್ನೊಂದು ಆಕ್ಷೇಪವಿದೆ. ಮೋಸ ಮಾಡುವವನು ಹೊಸ ಕಲ್ಲಿನಲ್ಲೂ ಮಾಡುತ್ತಾನೆ. ಡಾಂಬರು ಕಡಿಮೆ ಹಾಕುತ್ತಾನೆ, ದಪ್ಪ ಕಡಿಮೆ ಮಾಡುತ್ತಾನೆ, ಆರಿದ ಮಾಲಿನ ಮೇಲೆ ರೋಲರ್ ಓಡಿಸುತ್ತಾನೆ. ಒಂದೇ ಮಳೆಗೆ ಜಲ್ಲಿ ಎದ್ದುಬಂದ ಎಷ್ಟೋ ರಸ್ತೆಗಳ ತುಂಡು ನನ್ನ ಕೈಗೆ ಬಂದಿವೆ, ಅವೆಲ್ಲ ಹೊಚ್ಚ ಹೊಸ ಮಾಲಿನವು. ಮೋಸಕ್ಕೆ ಮದ್ದು ರಸ್ತೆಯಿಂದ ಕೋರ್, ಅಂದರೆ ಮೇಲಿನಿಂದ ಕೆಳಗಿನವರೆಗೆ ಕೊರೆದ ತುಂಡು, ತೆಗೆದು ಪರೀಕ್ಷಿಸುವುದು. ಬೆಟ್ಟ ಕಡಿಯುತ್ತಲೇ ಹೋಗುವುದರಿಂದ ಯಾರ ಕಳ್ಳತನವೂ ನಿಲ್ಲುವುದಿಲ್ಲ.

ನಾನು ಪ್ಲಾಸ್ಟಿಕ್ ರಸ್ತೆಯ ವಿರೋಧಿ ಎಂದು ದಯವಿಟ್ಟು ಹಣೆಪಟ್ಟಿ ಹಚ್ಚಬೇಡಿ. ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನನ್ನ ಮನೆಯಲ್ಲೇ ಯಾರಿಗೋ ಬಂದಷ್ಟು ಸಂತೋಷಪಟ್ಟವನು ನಾನು. ಅವರ ವಿಧಾನದ ಸೊಗಸು ಅದರ ಸರಳತೆಯಲ್ಲಿದೆ. ಚೂರುಮಾಡಿದ ತೆಳು ಪ್ಲಾಸ್ಟಿಕ್ಕನ್ನು ಸುಮಾರು 160 ಡಿಗ್ರಿಗೆ ಕಾದ ಜಲ್ಲಿಯ ಮೇಲೆ ಎರಚುತ್ತಾರೆ. ಅದು ಕ್ಷಣದಲ್ಲಿ ಕರಗಿ ಕಲ್ಲಿಗೆ ಪೊರೆಯಂತೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಬಿಟುಮೆನ್ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ನೀರು ನುಗ್ಗಿ ಕಲ್ಲನ್ನೂ ಅಂಟನ್ನೂ ಬೇರ್ಪಡಿಸುವುದು ಕಡಿಮೆಯಾಗುತ್ತದೆ. ಒಳ್ಳೆಯ ಕೆಲಸ. ಹಾಲಿನ ಪೊಟ್ಟಣ, ಕೈಚೀಲದಂಥ ಪಾಲಿಥೀನ್ ಅದಕ್ಕೆ ಸರಿ. ಪಿವಿಸಿ ಸೇರಬಾರದು, ಕಾಯಿಸಿದರೆ ಕ್ಲೋರಿನ್‌ಯುಕ್ತ ವಿಷಾನಿಲ ಬಿಡುತ್ತದೆ. ಬೇರ್ಪಡಿಸದೆ ಕಸದ ರಾಶಿಯನ್ನೇ ತಂದು ಸುರಿದರೆ ಆ ಪ್ರಾಧ್ಯಾಪಕರ ಶ್ರಮಕ್ಕೇ ಅವಮಾನ.

ಇಲ್ಲಿಯೇ ಯಾರೂ ಕೇಳದ ಪ್ರಶ್ನೆಯೊಂದು ನನ್ನನ್ನು ಕಾಡುತ್ತದೆ. ಇವತ್ತು ಹಾಸುವ ಪ್ರತಿಯೊಂದು ರಸ್ತೆಯೂ ಹತ್ತು ಹದಿನೈದು ವರ್ಷಕ್ಕೆ ಹಳೆಯ ರಸ್ತೆಯೇ. ಆಗ ಅದನ್ನೂ ಕೆರೆಯಬೇಕು, ಕಾಯಿಸಬೇಕು, ಮತ್ತೆ ಹಾಸಬೇಕು. ಈಗ ಗೊತ್ತುಗುರಿಯಿಲ್ಲದೆ ಏನೇನೋ ಬೆರೆಸಿಟ್ಟರೆ ಅವತ್ತು ಆ ಮಾಲನ್ನು ಕಾಯಿಸುವ ಪ್ಲಾಂಟಿನ ಕೆಲಸಗಾರ ಯಾವ ಹೊಗೆ ಕುಡಿಯಬೇಕು? ಯಾವ ರಸ್ತೆಯಲ್ಲಿ ಯಾವ ಪ್ಲಾಸ್ಟಿಕ್, ಎಷ್ಟು ಎಂದು ಬರೆದಿಟ್ಟವರಿದ್ದಾರೆಯೇ? ಮರುಬಳಕೆಯ ವಸ್ತು ಹಾಕಿದೆವು ಎಂದು ಹೆಮ್ಮೆಪಡುವ ಮುನ್ನ ಈ ರಸ್ತೆಯನ್ನೇ ಮರುಬಳಸಲು ಬರುತ್ತದೆಯೇ ಎಂದು ನೋಡಬೇಕು. ಟೈರಿನ ರಬ್ಬರಿಗೂ ಇದೇ ಮಾತು. ಅಮೆರಿಕದ ಫೀನಿಕ್ಸ್ ನಗರದ ಎಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ 1960ರ ದಶಕದಲ್ಲಿ ಹಳೆಯ ಟೈರುಗಳ ಪುಡಿಯನ್ನು ಬಿಟುಮೆನ್ನಿಗೆ ಬೆರೆಸಿ, ಬಿರುಕುಬಿಟ್ಟ ರಸ್ತೆಗಳಿಗೆ ತೇಪೆ ಹಾಕಲು ಹೊರಟವರು. ಆ ರಸ್ತೆಗಳು ಬಿರುಕನ್ನು ತಡೆದವು, ವಾಹನಗಳ ಸದ್ದನ್ನೂ ತಗ್ಗಿಸಿದವು. ಅವು ಹಳತಾದಾಗ ಕೆರೆದು ಮತ್ತೆ ಬಳಸಬಹುದೆಂದೂ ಅನುಭವ ತೋರಿಸಿದೆ. ಒಂದು ವಸ್ತುವನ್ನು ಅಳೆಯಬೇಕಾದದ್ದು ಹಾಗೆ, ಎರಡನೆಯ ಜನ್ಮವನ್ನೂ ಲೆಕ್ಕಕ್ಕೆ ಹಿಡಿದು.

ಉಕ್ಕಿನ ಕಾರ್ಖಾನೆಯ ಕಿಟ್ಟವೂ, ಅಂದರೆ ಲೋಹ ಬೇರ್ಪಡಿಸಿದ ಮೇಲೆ ಉಳಿಯುವ ಸ್ಲ್ಯಾಗ್ ಕೂಡ, ಒಳ್ಳೆಯ ಕಲ್ಲೇ. ಸೂರತ್ತಿನ ಹಜೀರಾದಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ ಜಲ್ಲಿಯ ಬದಲು ಪೂರ್ತಿ ಕಿಟ್ಟವನ್ನೇ ಬಳಸಿ ಆರು ಪಥದ ರಸ್ತೆ ಮಾಡಿದ್ದಾರೆ, 2022ರಲ್ಲಿ ಸುದ್ದಿಯಾಗಿತ್ತು. ಭಾರದ ಲಾರಿಗಳು ದಿನವೂ ಓಡುವ ರಸ್ತೆ ಅದು. ಕಿಟ್ಟದಲ್ಲಿ ಉಳಿದ ಸುಣ್ಣ ನೀರು ತಾಗಿದರೆ ಉಬ್ಬುತ್ತದೆ, ಹಾಗಾಗಿ ಮೊದಲೇ ಹದಮಾಡಿ ಬಳಸಬೇಕು. ಕೆಡವಿದ ಕಟ್ಟಡಗಳ ಕಾಂಕ್ರೀಟ್ ಪುಡಿ ಕೆಳಪದರಕ್ಕೆ ಆಗುತ್ತದೆ, ವಿದ್ಯುತ್ ಸ್ಥಾವರಗಳ ಹಾರುಬೂದಿ ಏರಿಗೆ ಆಗುತ್ತದೆ. ಎಲ್ಲವೂ ಆಗಲಿ. ಆದರೆ ಕಿಟ್ಟ ಎಲ್ಲಿಂದಲೋ ಬರಬೇಕು, ಟೈರು ಎಲ್ಲಿಂದಲೋ ಬರಬೇಕು. ಹಳೆಯ ರಸ್ತೆ ಹೊಸ ರಸ್ತೆ ಬೇಕಾದ ಜಾಗದಲ್ಲಿಯೇ ಬಿದ್ದಿದೆ. ಅದಕ್ಕೆ ಸಾಗಣೆ ಖರ್ಚೂ ಕಡಿಮೆ, ಹುಡುಕಾಟವೂ ಇಲ್ಲ.

ಕೆರೆಯದೆ ಬಳಿಯುವವರ ವಿಷಯವನ್ನೂ ಇದರೊಟ್ಟಿಗೆ ಹೇಳಲೇಬೇಕು. ಪ್ರತಿ ಸಲ ನಾಲ್ಕೈದು ಸೆಂಟಿಮೀಟರ್ ಮೇಲೆ ಹಾಕುತ್ತ ಹೋದರೆ ನಾಲ್ಕನೆಯ ಸಲಕ್ಕೆ ರಸ್ತೆ ಮನೆಯ ಹೊಸ್ತಿಲಿನ ಮಟ್ಟಕ್ಕೆ ಬಂದಿರುತ್ತದೆ. ಪಾದಚಾರಿ ಮಾರ್ಗದ ಅಂಚುಕಲ್ಲು ಮುಳುಗಿಹೋಗುತ್ತದೆ, ಚರಂಡಿಗೆ ಹೋಗಬೇಕಾದ ನೀರು ಅಂಗಳಕ್ಕೆ ನುಗ್ಗುತ್ತದೆ, ಮ್ಯಾನ್‌ಹೋಲ್ ಮುಚ್ಚಳಗಳು ಗುಂಡಿಗಳಾಗುತ್ತವೆ. ವಯಸ್ಸಾದವರು ಮನೆಯೊಳಗೆ ಇಳಿಯಲು ಗೋಡೆ ಹಿಡಿದುಕೊಳ್ಳುವುದನ್ನು ನೋಡಿದ್ದೇನೆ. ಕೆಳಗಿನ ಪದರದ ಬಿರುಕು ಹಾಗೆಯೇ ಮೇಲಕ್ಕೆ ಹತ್ತಿ ಬರುತ್ತದೆ, ಎಷ್ಟು ಬಳಿದರೂ ಬರುತ್ತದೆ. ಕೆರೆದರೆ ಈ ಕಾಟ ತಪ್ಪುತ್ತದೆ, ಕೆರೆದದ್ದನ್ನು ಬಳಸಿದರೆ ಕೆರೆಯುವ ಖರ್ಚು ಮಾಲಿನಲ್ಲೇ ಹುಟ್ಟುತ್ತದೆ. ನಮ್ಮಲ್ಲಿ ಈಗ ಎರಡೂ ದಾರಿ ತಪ್ಪಿವೆ: ಒಂದು ಕಡೆ ಕೆರೆಯುವುದೇ ಇಲ್ಲ, ಇನ್ನೊಂದು ಕಡೆ ಕೆರೆದು ಎಸೆಯುತ್ತಾರೆ.

ಎಸೆಯುತ್ತಾರೆ ಏಕೆಂದರೆ ಬಹುಪಾಲು ಅಂದಾಜುಪಟ್ಟಿಗಳಲ್ಲಿ ಕೆರೆದ ಮಾಲಿಗೆ ಬೆಲೆಯೇ ನಮೂದಾಗಿರುವುದಿಲ್ಲ. ‘ತೆಗೆದು ವಿಲೇವಾರಿ ಮಾಡುವುದು’ ಎಂದು ಒಂದು ಸಾಲು, ಅಷ್ಟೇ. ವಿಲೇವಾರಿ ಎಂದರೆ ಎಲ್ಲಿಗೆ ಎಂದು ಬರೆಯುವುದಿಲ್ಲ. ಬೆಲೆಯಿಲ್ಲದ್ದನ್ನು ಕಾಯುವವರಿಲ್ಲ, ಹತ್ತಿರದ ತಗ್ಗೇ ಅದಕ್ಕೆ ಗತಿ. ಡೀಸೆಲ್ ಉಳಿಯುವುದು ಚಾಲಕನಿಗೂ ಗೊತ್ತು, ಮಾಲೀಕನಿಗೂ ಗೊತ್ತು.

ನನ್ನ ಗೆಳೆಯರ ಪಟ್ಟಿಯಲ್ಲಿ ಅಂದಾಜುಪಟ್ಟಿ ಬರೆಯುವವರು, ಅದಕ್ಕೆ ಸಹಿ ಹಾಕುವವರು ಇದ್ದೀರಿ. ನಿಮ್ಮನ್ನು ನೇರವಾಗಿ ಕೇಳುತ್ತಿದ್ದೇನೆ. ಮುಂದಿನ ಕಾಮಗಾರಿಯಲ್ಲಿ ಆ ಸಾಲನ್ನು ಬದಲಿಸಿ. ಕೆರೆದ ಮಾಲಿನ ತೂಕ ಎಷ್ಟು, ಯಾವ ಪ್ಲಾಂಟಿನ ಚಾವಣಿಯ ಕೆಳಗೆ ಅದು ಸೇರಬೇಕು, ಅದರ ಬಿಟುಮೆನ್ನನ್ನು ಯಾವ ಪರೀಕ್ಷಾಲಯ ಪರೀಕ್ಷಿಸಬೇಕು, ಹೊಸ ಮಿಶ್ರಣದಲ್ಲಿ ಕನಿಷ್ಠ ಎಷ್ಟು ಪಾಲು ಬಳಸಬೇಕು, ಇಷ್ಟನ್ನು ಬರೆಯಿರಿ. ಟಿಪ್ಪರಿನ ತೂಕದ ಚೀಟಿ ಪ್ಲಾಂಟಿನಲ್ಲಿ ಸಿಕ್ಕ ಮೇಲೆಯೇ ಕೆರೆದ ಕೆಲಸದ ಬಿಲ್ಲು ಪಾಸಾಗಲಿ. ಫಲಕ ಹಾಕುವುದಾದರೆ ಈ ರಸ್ತೆಯಿಂದ ಕೆರೆದದ್ದು ಎಷ್ಟು ಟನ್, ಈ ರಸ್ತೆಗೆ ವಾಪಸು ಬಂದದ್ದು ಎಷ್ಟು ಟನ್ ಎಂದು ಆ ಎರಡು ಅಂಕಿಗಳನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿ.